ಕೇಬಲ್ ಕಡತ ನೋಡಿಕೊಂಡ ವರ್ಷಗಳು

ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಿಗೆ ಒಬ್ಬೊಬ್ಬರಿಗೆ ಒಂದೊಂದು ಸಬ್ಜೆಕ್ಟ್ ಹಂಚಿರುತ್ತಾರೆ. ಬಂದೂಕಿನ ಲೈಸೆನ್ಸ್ ಒಬ್ಬರಿಗೆ, ಪಟಾಕಿ ಅಂಗಡಿ ಒಬ್ಬರಿಗೆ, ಸಿನಿಮಾ ಟಾಕೀಸು ಇನ್ನೊಬ್ಬರಿಗೆ. ಶಿವಮೊಗ್ಗದಲ್ಲಿ ನಾನು ನಿವೃತ್ತಿಯಾಗುವವರೆಗೆ ಇದ್ದ ಕಚೇರಿಯಲ್ಲಿ (ಅದರ ಹೆಸರು ಇಲ್ಲಿ ಬೇಡ) ನನ್ನ ಪಾಲಿಗೆ ಬಂದದ್ದು ಟಿವಿ ಮತ್ತು ರೇಡಿಯೊ. ಕೇಳಿದವರು ನಗುತ್ತಿದ್ದರು. ಮನೆಯಲ್ಲಿ ಕೂತು ಒಂದು ಧಾರಾವಾಹಿ ನೋಡಲು ಪುರುಸೊತ್ತಿಲ್ಲದವಳಿಗೆ ಸರ್ಕಾರ ಸಂಬಳ ಕೊಟ್ಟು ಟಿವಿ ನೋಡಿಸುತ್ತಿದೆ ಎಂದು ನಮ್ಮ ಅತ್ತೆಯೇ ಹೇಳುತ್ತಿದ್ದರು.

ಆ ಸಬ್ಜೆಕ್ಟ್ ನನಗೆ ಹೇಗೆ ಬಂತು ಎಂದರೆ, ಆಗ ನಮ್ಮ ಶಿರಸ್ತೇದಾರರಾಗಿದ್ದ ಹಾಲಪ್ಪನವರು ಒಂದು ಬೆಳಿಗ್ಗೆ ನನ್ನ ಮೇಜಿನ ಮುಂದೆ ನಿಂತರು. ಎಲೆ ಅಡಿಕೆ ಹಾಕಿಕೊಂಡು ಮಾತಾಡುವ ಮನುಷ್ಯ. ಹೆಚ್ಚು ಮಾತಾಡುತ್ತಿರಲಿಲ್ಲ.

“ನಾಗರತ್ನಮ್ಮ, ನಿಮ್ಮ ಮನೇಲಿ ಟಿವಿ ಇದೆಯೇನಮ್ಮಾ?”

“ಇದೆ ಸಾರ್.”

“ಕೇಬಲ್ಲು?”

“ಅದೂ ಇದೆ.”

“ಹಂಗಾದ್ರೆ ಇದನ್ನ ನೀವೇ ನೋಡ್ಕೊಳಿ” ಎಂದು ಲಾಡಿ ಕಟ್ಟಿದ ಮೂರು ಕಡತ ಇಟ್ಟು ಹೋದರು. ಹಿಂದಿನವರಿಗೆ ವರ್ಗವಾಗಿತ್ತು. ಬೇರೆ ಯಾರೂ ಅದನ್ನು ಮುಟ್ಟಲು ಒಪ್ಪಿರಲಿಲ್ಲ. ನನಗಿದ್ದ ಅರ್ಹತೆ ಅಷ್ಟೇ, ಮನೆಯಲ್ಲೊಂದು ಟಿವಿ.

ಕೆಲಸ ಏನೆಂದು ಸರಳವಾಗಿ ಹೇಳಬೇಕೆಂದರೆ ಹೀಗೆ. ಮನೆಮನೆಗೆ ಕೇಬಲ್ ಎಳೆಯುವವರು ಏನು ತೋರಿಸಬಹುದು, ಏನು ತೋರಿಸಬಾರದು ಎಂದು ಒಂದು ಕಾಯ್ದೆ ಇದೆ. ತಪ್ಪಿದರೆ ಪ್ರಸಾರ ನಿಲ್ಲಿಸುವ, ಯಂತ್ರ ಜಪ್ತಿ ಮಾಡುವ ಅಧಿಕಾರ ಜಿಲ್ಲೆಯ ಕೆಲವು ಅಧಿಕಾರಿಗಳಿಗಿದೆ. ಆ ಅಧಿಕಾರಿಗಳಿಗೆ ಟಿವಿ ನೋಡಲು ಬಿಡುವಿಲ್ಲ. ಅವರ ಪರವಾಗಿ ನೋಡಿ ಟಿಪ್ಪಣಿ ಬರೆದು ಸಹಿಗೆ ಇಡಬೇಕಾದವಳು ನಾನು. ಆದರೆ ಕಚೇರಿಯಲ್ಲಿ ಟಿವಿ ಇರಲಿಲ್ಲ. ಮೂರು ವರ್ಷ ಪತ್ರ ಬರೆದ ಮೇಲೆ ಒಂದು ಬಂತು. ಅದನ್ನು ಸಾಹೇಬರ ಕೋಣೆಯಲ್ಲಿ ಇಟ್ಟುಕೊಂಡರು.

ಮೊದಲ ದೊಡ್ಡ ದೂರು ಟಾಕೀಸಿನವರದು. ತಮ್ಮಲ್ಲಿ ಓಡುತ್ತಿರುವ ಹೊಸ ಸಿನಿಮಾವನ್ನು ಕೇಬಲಿನವನು ಸಿ.ಡಿ. ಹಾಕಿ ಮಧ್ಯಾಹ್ನವೇ ತೋರಿಸುತ್ತಾನೆ ಎಂದು. ಜೀಪು, ಇಬ್ಬರು ಪೊಲೀಸರು, ಒಬ್ಬ ಅಧಿಕಾರಿ, ಜೊತೆಗೆ ನಾನು. ಹೋಗಿ ನೋಡಿದರೆ ಪರದೆಯ ಮೇಲೆ ಭಕ್ತಿಗೀತೆ. ಇನ್ನೊಂದು ವಾರ ಹೋದೆವು. ಆಗಲೂ ಭಕ್ತಿಗೀತೆ, ಅದೇ ಹಾಡು. ಮೂರನೆಯ ಸಲ ಹೋದಾಗ ಕೇಬಲಿನವನ ತಾಯಿ ನಾವು ಇಳಿಯುವ ಮೊದಲೇ ಐದು ಲೋಟ ಕಾಫಿ ಸಿದ್ಧ ಮಾಡಿಟ್ಟಿದ್ದರು. ನಾವು ಎಷ್ಟು ಜನ ಬರುತ್ತೇವೆ ಎಂಬುದೂ ಆ ತಾಯಿಗೆ ಗೊತ್ತಿತ್ತು. ವಾಪಸ್ ಬರುವಾಗ ನಮ್ಮ ಜೀಪಿನ ಡ್ರೈವರ್ ಬಸಣ್ಣನನ್ನು ಕೇಳಿದೆ.

“ಬಸಣ್ಣ, ನಿಮ್ಮನೆಗೆ ಕೇಬಲ್ ಯಾರದು?”

ಬಸಣ್ಣ ಗೇರು ಬದಲಿಸಿ ಸ್ವಲ್ಪ ದೂರ ಹೋದ ಮೇಲೆ ಹೇಳಿದ. “ಅವ್ರದೇ ಮೇಡಂ. ಒಳ್ಳೆ ಜನ.”

ನಾನು ಅದನ್ನು ವರದಿಯಲ್ಲಿ ಬರೆಯಲಿಲ್ಲ. ಬರೆದಿದ್ದರೆ ಬಸಣ್ಣನಿಗೆ ವರ್ಗವಾಗುತ್ತಿತ್ತು, ಸಿನಿಮಾ ಓಡುವುದು ಓಡುತ್ತಲೇ ಇರುತ್ತಿತ್ತು.

ದೂರು ಕೊಡುವವರಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದರು. ಪ್ರತಿ ಸೋಮವಾರ ಹನ್ನೊಂದಕ್ಕೆ ಬರುತ್ತಿದ್ದರು. ಯಾವ ಚಾನೆಲಿನಲ್ಲಿ, ಎಷ್ಟು ಗಂಟೆಗೆ, ಯಾವ ಹಾಡಿನ ಎಷ್ಟನೆಯ ಸಾಲಿನಲ್ಲಿ ನಟಿಯ ಸೆರಗು ಎಲ್ಲಿತ್ತು ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದಿರುತ್ತಿದ್ದರು. ನಮ್ಮ ಕಚೇರಿಗೆ ಬಂದ ದೂರುಗಳಲ್ಲೇ ಅಷ್ಟು ಕರಾರುವಾಕ್ಕಾದದ್ದು ಇನ್ನೊಂದಿಲ್ಲ. ಆದರೆ ಆ ಚಾನೆಲುಗಳೆಲ್ಲ ಹೊರ ರಾಜ್ಯದವು, ನಮ್ಮ ಕೈಗೆ ಸಿಗುವಂಥವಲ್ಲ. ದೆಹಲಿಗೆ ಕಳಿಸುತ್ತಿದ್ದೆವು. ದೆಹಲಿಯಿಂದ ಒಂದೇ ಒಂದು ಸಲ ಉತ್ತರ ಬಂತು, ದೂರು ನಿಗದಿತ ನಮೂನೆಯಲ್ಲಿಲ್ಲ ಎಂದು. ಅದನ್ನು ಮೇಷ್ಟ್ರಿಗೆ ತೋರಿಸಲು ನನಗೆ ಮನಸ್ಸಾಗಲಿಲ್ಲ. ಕಡತಕ್ಕೆ ಸೇರಿಸಿ ಲಾಡಿ ಕಟ್ಟಿದೆ.

ರೇಡಿಯೊದ ಪ್ರಕರಣ ಇಷ್ಟು ವರ್ಷದಲ್ಲಿ ಒಂದೇ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ರೇಡಿಯೊ ರಿಪೇರಿ ಮಾಡುವ ಒಬ್ಬರು ತಾವೇ ಒಂದು ಸಣ್ಣ ಟ್ರಾನ್ಸ್‌ಮಿಟರ್ ಕಟ್ಟಿದ್ದರು. ಎರಡು ಬೀದಿಗಳವರಿಗೆ ಸಂಜೆ ಹಳೆಯ ಹಾಡು ಕೇಳಿಸುತ್ತಿದ್ದರು. ಪರವಾನಗಿ ಇಲ್ಲದೆ ಹೀಗೆ ಮಾಡುವುದು ಅಪರಾಧ. ನಾನು ವಿಚಾರಿಸಲು ಹೋದೆ. ಬೀದಿಯಲ್ಲಿ ಯಾರನ್ನು ಕೇಳಿದರೂ “ಹಾಡಾ? ನಮಗೆ ಕೇಳ್ಸಲ್ಲ” ಎನ್ನುತ್ತಿದ್ದರು, ಅವರ ಬೆನ್ನ ಹಿಂದೆ ಕಿಟಕಿಯಲ್ಲಿ ಹಾಡು ಕೇಳಿಸುತ್ತಿರುತ್ತಿತ್ತು. ಇದು ನಮ್ಮ ವ್ಯಾಪ್ತಿಗೆ ಬರುತ್ತದೋ ಕೇಂದ್ರದವರ ವ್ಯಾಪ್ತಿಗೋ ಎಂದು ಮೇಲೆ ಬರೆದು ಕೇಳಿದೆವು. ಉತ್ತರ ಬರುವ ಹೊತ್ತಿಗೆ ಟ್ರಾನ್ಸ್‌ಮಿಟರ್ ತಾನಾಗಿ ಕೆಟ್ಟಿತ್ತು. ರಿಪೇರಿ ಮಾಡಬೇಕಾದವರಿಗೆ ಕಣ್ಣು ಮಂಜಾಗಿತ್ತು. ‘ಪ್ರಕರಣ ಮುಕ್ತಾಯ’ ಎಂದು ಬರೆದೆ.

ಚುನಾವಣೆ ಬಂದರೆ ಮಾತ್ರ ನಮ್ಮ ಸಬ್ಜೆಕ್ಟಿಗೆ ಎಲ್ಲಿಲ್ಲದ ಬೆಲೆ. ಒಂದು ಹಾಲಿನಲ್ಲಿ ಆರು ಟಿವಿ ಜೋಡಿಸಿ, ಪಾಳಿಯ ಮೇಲೆ ನಮ್ಮನ್ನು ಕೂರಿಸುತ್ತಿದ್ದರು. ಯಾವ ಅಭ್ಯರ್ಥಿ ಎಷ್ಟು ಸೆಕೆಂಡು ಕಂಡ, ಅನುಮತಿ ಇಲ್ಲದ ಜಾಹೀರಾತು ಬಂತೇ ಎಂದು ಬರೆಯಬೇಕು. ಮೂರು ದಿನಕ್ಕೆ ಕಣ್ಣು ಉರಿ, ನಾಲ್ಕನೆಯ ದಿನಕ್ಕೆ ಯಾರು ಏನು ಹೇಳುತ್ತಿದ್ದಾರೆ ಎಂಬುದೇ ತಲೆಗೆ ಹೋಗುವುದಿಲ್ಲ. ನಾನೇ ಒಂದು ದಿನ ಇಡೀ ಪಾಳಿ ರೆಕಾರ್ಡಿಂಗ್ ಹಾಕಿ, ಸಂಜೆ ತೆಗೆದು ನೋಡಿದರೆ ಪೂರ್ತಿ ಅಡುಗೆ ಕಾರ್ಯಕ್ರಮ. ರಿಮೋಟಿನ ಮೇಲೆ ಯಾರೋ ಕೈ ಇಟ್ಟಿದ್ದರು. ಒಂದು ಸಲ ಪಕ್ಷೇತರ ಅಭ್ಯರ್ಥಿಯೊಬ್ಬರಿಗೆ ಕುಕ್ಕರ್ ಚಿಹ್ನೆ ಸಿಕ್ಕಿತು. ಅದೇ ಹೊತ್ತಿಗೆ ಪಾತ್ರೆ ಅಂಗಡಿಯವರೊಬ್ಬರು ಲೋಕಲ್ ಚಾನೆಲಿನಲ್ಲಿ ಕುಕ್ಕರಿನ ಜಾಹೀರಾತು ಹಾಕಿಸಿದ್ದರು. ಎದುರಾಳಿಯ ಕಡೆಯವರು ದೂರು ಕೊಟ್ಟರು. ನಾನು ನೋಟಿಸ್ ಹಿಡಿದು ಅಂಗಡಿಗೆ ಹೋದೆ. ಅಂಗಡಿಯವರು ಅದನ್ನು ಎರಡು ಸಲ ಓದಿದರು.

“ಮೇಡಂ, ಕುಕ್ಕರ್ ಮಾರೋನು ಕುಕ್ಕರ್ ತೋರಿಸ್ದೆ ಇನ್ನೇನು ತೋರಿಸ್ಲಿ?”

“ಹದಿನೈದು ದಿನ ಬಾಣಲೆ ತೋರಿಸಿ ಸಾರ್” ಎಂದೆ. ಬಾಣಲೆ ಬೇರೆ ಯಾರದಾದರೂ ಚಿಹ್ನೆಯೋ ಎಂದು ಕಚೇರಿಗೆ ಬಂದು ಪಟ್ಟಿ ನೋಡಿದೆ. ಪುಣ್ಯಕ್ಕೆ ಇರಲಿಲ್ಲ.

ಇವೆಲ್ಲ ಹೇಳಿಕೊಂಡು ನಗಬಹುದಾದವು. ಇನ್ನೊಂದಿದೆ. ಅದನ್ನು ಮನೆಯಲ್ಲೂ ಪೂರ್ತಿ ಹೇಳಿರಲಿಲ್ಲ.

ಭದ್ರಾವತಿಯ ನ್ಯೂ ಟೌನಿನಲ್ಲಿ ಸೆಲ್ವರಾಜ್ ಎಂಬವರು ಒಂದು ಲೋಕಲ್ ಚಾನೆಲ್ ನಡೆಸುತ್ತಿದ್ದರು. ಅವರ ತಂದೆ ಸೇಲಂ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದವರು. ಸೆಲ್ವರಾಜ್ ಕೂಡ ಗುತ್ತಿಗೆಯ ಮೇಲೆ ಎಲೆಕ್ಟ್ರಿಷಿಯನ್ ಆಗಿದ್ದು, ಕೆಲಸ ಕಡಿಮೆಯಾದಾಗ ಹೊರಬಿದ್ದಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್, ಒಂದು ಕ್ಯಾಮೆರಾ, ಸಿಗ್ನಲ್ ಕಳಿಸುವ ಒಂದು ಪೆಟ್ಟಿಗೆ. ಅದೇ ಚಾನೆಲ್. ಹಳೆಯ ಹಾಡು, ಶಾಲೆಯ ವಾರ್ಷಿಕೋತ್ಸವ, ಊರಿನ ಸಭೆ ಇವನ್ನು ತೋರಿಸುತ್ತಿದ್ದರು. ಆದರೆ ಜನ ನೋಡುತ್ತಿದ್ದದ್ದು ಪರದೆಯ ಕೆಳಗೆ ಹಸಿರು ಪಟ್ಟಿಯಲ್ಲಿ ಓಡುವ ಅಕ್ಷರಗಳನ್ನು. ಇಂದು ಯಾವ ಬೀದಿಗೆ ನೀರು ಬಿಡುತ್ತಾರೆ, ಯಾರ ಪರ್ಸು ಕಳೆದಿದೆ, ಯಾರು ತೀರಿಕೊಂಡರು, ಮಣ್ಣು ಎಷ್ಟು ಗಂಟೆಗೆ, ಎಲ್ಲಿ. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಅಕ್ಕಪಕ್ಕ ಮೂವತ್ತು ವರ್ಷ ಬದುಕಿದವರು ನಿವೃತ್ತರಾಗಿ ಊರಿನ ನಾಲ್ಕು ದಿಕ್ಕಿಗೆ ಹೋಗಿದ್ದರು. ಒಬ್ಬರ ಸಾವು ಇನ್ನೊಬ್ಬರಿಗೆ ತಿಳಿಯುತ್ತಿದ್ದದ್ದು ಆ ಪಟ್ಟಿಯಿಂದ.

ನನಗೆ ಸೆಲ್ವರಾಜ್ ಪರಿಚಯದವರೇ. ವರ್ಷಕ್ಕೊಮ್ಮೆ ದಾಖಲೆ ತೋರಿಸಲು ಬರುತ್ತಿದ್ದರು. ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ತಾರೀಖಿನ ಪ್ರಕಾರ ಜೋಡಿಸಿಕೊಂಡು ಬರುತ್ತಿದ್ದ ಕೇಬಲಿನವರು ಇಡೀ ತಾಲ್ಲೂಕಿನಲ್ಲಿ ಅವರೊಬ್ಬರೇ.

ನನ್ನ ಸರ್ವೀಸು ಇನ್ನು ಎರಡು ವರ್ಷಕ್ಕೂ ಕಡಿಮೆ ಉಳಿದಿತ್ತು. ಒಂದು ದಿನ ಭದ್ರಾವತಿಯ ಮೆರವಣಿಗೆಯೊಂದರಲ್ಲಿ ಜಗಳವಾಗಿ ಕಲ್ಲು ಬಿತ್ತು. ಮರುದಿನ ಬೆಳಿಗ್ಗೆ ನಿಷೇಧಾಜ್ಞೆ ಹಾಕಿದರು. ಹನ್ನೊಂದರ ಹೊತ್ತಿಗೆ ನಮ್ಮ ಸಾಹೇಬರು ಕರೆದರು. ಸಾಹೇಬರು ಕೆಟ್ಟವರಲ್ಲ. ಆದರೆ ಆ ದಿನ ಅವರಿಗೆ ಮೇಲಿನಿಂದ ಐದು ನಿಮಿಷಕ್ಕೊಂದು ಫೋನು. ತಮ್ಮ ಮೊಬೈಲನ್ನು ನನ್ನ ಮುಂದೆ ಹಿಡಿದರು. ಯಾರೋ ಟಿವಿ ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ ವಿಡಿಯೊ. ಒಬ್ಬನನ್ನು ನಾಲ್ಕು ಜನ ಹೊಡೆಯುತ್ತಿದ್ದಾರೆ. ಪರದೆಯ ಕೆಳಗೆ ಅಸ್ಪಷ್ಟವಾಗಿ ಒಂದು ಹಸಿರು ಪಟ್ಟಿ.

“ನ್ಯೂ ಟೌನಿನ ಲೋಕಲ್ ಚಾನೆಲಲ್ಲಿ ಇದು ಬರ್ತಿದೆಯಂತೆ. ಜನ ಸೇರ್ತಿದ್ದಾರೆ. ಅರ್ಧ ಗಂಟೆಲಿ ನನಗೆ ರಿಪೋರ್ಟ್ ಬೇಕು.”

“ಸಾರ್, ಹೋಗಿ ನೋಡ್ಕೊಂಡು ಬರೋಕೆ ಜೀಪು…”

“ಜೀಪೆಲ್ಲಾ ಬಂದೋಬಸ್ತಿಗೆ ಹೋಗಿದೆ. ಇಲ್ಲೇ ಕೂತು ಬರೀರಿ.”

ಶಿವಮೊಗ್ಗದ ನಮ್ಮ ಕಚೇರಿಯಲ್ಲಿ ಆ ಚಾನೆಲ್ ಬರುವುದಿಲ್ಲ. ಭದ್ರಾವತಿಯಲ್ಲಿದ್ದ ನಮ್ಮ ಇಲಾಖೆಯ ಒಬ್ಬ ಸಿಬ್ಬಂದಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಇಪ್ಪತ್ತು ನಿಮಿಷ ಹೋಯಿತು. ಹಸಿರು ಪಟ್ಟಿ ಸೆಲ್ವರಾಜರದೇ ಇರಬೇಕು ಎಂದು ನನ್ನ ಮನಸ್ಸೇ ಹೇಳಿತು. ಟೈಪ್ ಮಾಡಿದೆ: ‘ಸದರಿ ಚಾನೆಲ್‌ನಲ್ಲಿ ಪ್ರಚೋದನಕಾರಿ ದೃಶ್ಯ ಪ್ರಸಾರವಾಗಿರುವುದನ್ನು ಪರಿಶೀಲಿಸಲಾಗಿದೆ.’

ಈ ‘ಪರಿಶೀಲಿಸಲಾಗಿದೆ’ ಎಂಬ ಪದವನ್ನು ನಾನು ಅಷ್ಟು ವರ್ಷಗಳಲ್ಲಿ ಎಷ್ಟು ಸಾವಿರ ಸಲ ಬರೆದಿದ್ದೇನೋ. ನಮ್ಮ ಟಿಪ್ಪಣಿಯ ಕನ್ನಡದಲ್ಲಿ ಕೆಲಸ ಆಗಿರುತ್ತದೆ, ಮಾಡಿದವರು ಇರುವುದಿಲ್ಲ. ಯಾರು ಪರಿಶೀಲಿಸಿದರು, ಎಲ್ಲಿ ಕೂತು, ಯಾವಾಗ ಎಂದು ಯಾರೂ ಕೇಳುವುದಿಲ್ಲ. ಆ ದಿನವೂ ಯಾರೂ ಕೇಳಲಿಲ್ಲ. ಹತ್ತು ನಿಮಿಷದಲ್ಲಿ ಪ್ರಸಾರ ನಿಲ್ಲಿಸಿ ಯಂತ್ರ ಜಪ್ತಿ ಮಾಡುವ ಆದೇಶಕ್ಕೆ ಸಹಿ ಬಿತ್ತು. ಸಬ್ಜೆಕ್ಟ್ ನನ್ನದಾದ್ದರಿಂದ ಮಹಜರು ಬರೆಯಲು ನನ್ನನ್ನೇ ಕಳಿಸಿದರು. ಈಗ ಮಾತ್ರ ಜೀಪು ಸಿಕ್ಕಿತು.

ಸೆಲ್ವರಾಜರ ಕೋಣೆಗೆ ಹೋದಾಗ ಅವರು ಕಂಪ್ಯೂಟರಿನ ಮುಂದೆ ಕೂತು ಏನೋ ಟೈಪ್ ಮಾಡುತ್ತಿದ್ದರು. ಟಿವಿಯಲ್ಲಿ ಹಳೆಯ ಹಾಡೊಂದು ಬರುತ್ತಿತ್ತು. ಕೆಳಗೆ ಹಸಿರು ಪಟ್ಟಿಯಲ್ಲಿ ಓಡುತ್ತಿದ್ದದ್ದನ್ನು ನಾನು ನನ್ನ ಕಣ್ಣಿಂದ ಓದಿದೆ. ‘ಗಾಳಿಸುದ್ದಿ ನಂಬಬೇಡಿ. ನ್ಯೂ ಟೌನ್ ಶಾಂತವಾಗಿದೆ. ಮಕ್ಕಳನ್ನು ಮನೆಯಲ್ಲೇ ಇರಿಸಿಕೊಳ್ಳಿ.’ ಅದು ಮೂರು ಸಲ ಹೋಯಿತು.

ನಾನು ನಮ್ಮೊಡನೆ ಬಂದ ಅಧಿಕಾರಿಯ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. “ಸಾರ್, ಇಲ್ಲಿ ಬೇರೆ ಇದೆ. ಆ ವಿಡಿಯೊ ಕಾಣ್ತಿಲ್ಲ.”

“ಈಗ ತೆಗೆದಿರ್ತಾನೆ ಮೇಡಂ. ಆರ್ಡರ್ ಆಗಿದೆಯಲ್ಲ. ನಿಮ್ಮ ರಿಪೋರ್ಟ್ ಮೇಲೇ ಆಗಿರೋದು.”

ಅದು ನೋಡದೆ ಬರೆದ ರಿಪೋರ್ಟ್ ಎಂದು ಆಗಲೇ ಹೇಳಬಹುದಿತ್ತು. ಮಹಜರಿನ ಕಾಗದ ತೆಗೆದು ಬರೆಯಲು ಕೂತೆ. ಪೊಲೀಸರು ವೈರು ಬಿಚ್ಚತೊಡಗಿದರು. ಸೆಲ್ವರಾಜ್ ಜಗಳವಾಡಲಿಲ್ಲ. ಯಾವ ವೈರು ಮೊದಲು ತೆಗೆಯಬೇಕು ಎಂದು ತಾವೇ ತೋರಿಸಿದರು. ಇಲ್ಲದಿದ್ದರೆ ಪೆಟ್ಟಿಗೆ ಸುಡುತ್ತದಂತೆ. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು.

“ಮೇಡಂ, ನಾನ್ ಅಂಥದ್ದು ಹಾಕೇ ಇಲ್ಲ. ಯಾರು ನೋಡಿದ್ದು?”

“ಆಫೀಸಿಂದ ನೋಡಿದಾರೆ” ಎಂದೆ.

ಅವರು ತಲೆಯಾಡಿಸಿದರು. ಆಫೀಸಿನವರು ನೋಡಿದ್ದಾರೆ ಎಂದರೆ ಎಲ್ಲೋ ಏನೋ ಆಗಿರಬೇಕು ಎಂದು ನಂಬಿದ ಹಾಗೆ ಇತ್ತು. ಕಂಪ್ಯೂಟರನ್ನೂ ಪೆಟ್ಟಿಗೆಯನ್ನೂ ನಮ್ಮ ಹಳೆಯ ರೆಕಾರ್ಡ್ ರೂಮಿನಲ್ಲಿ ಇಟ್ಟೆವು.

ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಮಧ್ಯಾಹ್ನ ಊಟ ಮುಗಿಸಿ ಕೂತಿದ್ದೆ. ಎಪ್ಪತ್ತರ ಹತ್ತಿರದ ಒಬ್ಬ ಹೆಂಗಸು ಮೇಜಿನಿಂದ ಮೇಜಿಗೆ ಕೇಳಿಕೊಂಡು ನನ್ನ ಹತ್ತಿರ ಬಂದರು. ಭದ್ರಾವತಿಯಿಂದ ಬಸ್ಸಿನಲ್ಲಿ ಬಂದಿದ್ದರು. ಹೆಸರು ಅಲಮೇಲಮ್ಮ.

“ಟಿವಿ ವಿಚಾರ ನೋಡ್ಕೊಳೋರು ನೀವೇನಾಮ್ಮಾ?”

“ಹೌದು, ಕೂತ್ಕೊಳಿ.”

ಕೂರಲಿಲ್ಲ. “ಸೆಲ್ವನ ಟಿವಿ ಯಾಕಮ್ಮಾ ಬಂದ್ ಮಾಡಿದ್ರಿ?”

“ವಿಚಾರಣೆ ನಡೀತಿದೆ” ಎಂದೆ. ಆ ವಾಕ್ಯವೂ ಬಾಯಿಗೆ ತಾನಾಗಿ ಬರುತ್ತದೆ.

ಆಗ ಅವರು ಹೇಳಿದರು. ಕ್ವಾರ್ಟರ್ಸಿನಲ್ಲಿ ಅವರ ಪಕ್ಕದ ಮನೆಯಲ್ಲಿ ಪುಟ್ಟಮ್ಮ ಎಂಬವರಿದ್ದರು. ಇಬ್ಬರ ಗಂಡಂದಿರೂ ಒಂದೇ ಪಾಳಿ. ಇಪ್ಪತ್ತಾರು ವರ್ಷ ಒಂದೇ ಗೋಡೆಯ ಆಚೆ ಈಚೆ. ಅಲಮೇಲಮ್ಮನ ಎರಡು ಹೆರಿಗೆಯಲ್ಲೂ ಪುಟ್ಟಮ್ಮನೇ ಜೊತೆಗಿದ್ದವರು. ನಿವೃತ್ತಿಯಾದ ಮೇಲೆ ಪುಟ್ಟಮ್ಮನ ಮನೆಯವರು ಊರಾಚೆಯ ಬಡಾವಣೆಗೆ ಹೋದರು. ಕಾಲು ನೋವಿನಿಂದ ಇಬ್ಬರಿಗೂ ಓಡಾಟ ಕಡಿಮೆಯಾಗಿತ್ತು. ನಾವು ಚಾನೆಲ್ ನಿಲ್ಲಿಸಿದ ನಾಲ್ಕನೆಯ ದಿನ ಪುಟ್ಟಮ್ಮ ತೀರಿಕೊಂಡರು. ಮನೆಯವರು ಸೆಲ್ವರಾಜರ ಹತ್ತಿರ ಫೋಟೊ ಕೊಡಲು ಹೋಗಿ, ಬಾಗಿಲು ಹಾಕಿದ್ದು ನೋಡಿ ವಾಪಸ್ ಬಂದರು. ಅಲಮೇಲಮ್ಮನಿಗೆ ಸುದ್ದಿ ಗೊತ್ತಾದದ್ದು ಮೂರು ದಿನ ಕಳೆದ ಮೇಲೆ, ಸೊಪ್ಪು ಮಾರುವವಳಿಂದ.

“ನಾನ್ ದಿನಾ ಅದನ್ನೇ ಹಾಕ್ಕೊಂಡು ಕೂರ್ತಿದ್ದೆ ಕಣಮ್ಮಾ. ಕಪ್ಪಗಿತ್ತು. ಕಪ್ಪಗಿದ್ರೆ ಯಾರಿಗೂ ಏನೂ ಆಗಿಲ್ಲ ಅಂದ್ಕೊಂಡೆ. ಮುಖ ನೋಡ್ಲಿಲ್ಲ ನಾನು.”

ಅವರು ಅಳಲಿಲ್ಲ. ಕಷ್ಟಪಟ್ಟು ಯಾರಿಂದಲೋ ಬರೆಸಿಕೊಂಡು ಬಂದ ಒಂದು ಅರ್ಜಿ ಕೊಟ್ಟರು. ಚಾನೆಲ್ ಮತ್ತೆ ಶುರು ಮಾಡಿಸಬೇಕು ಎಂದಷ್ಟೇ ಇತ್ತು. ಅದಕ್ಕೆ ಮೊಹರು ಹಾಕಿ, ಅರ್ಜಿ ತಲುಪಿದೆ ಎಂಬ ಹಿಂಬರಹ ಕೊಟ್ಟೆ. ಅವರು ಅದನ್ನು ಮಡಚಿ ಸೊಂಟದ ಚೀಲದಲ್ಲಿ ಇಟ್ಟುಕೊಂಡು ಮೆಟ್ಟಿಲು ಇಳಿದರು. ಒಂದೊಂದು ಮೆಟ್ಟಿಲಿಗೂ ನಿಲ್ಲುತ್ತಿದ್ದರು. ಜೊತೆಗೆ ಯಾರೂ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆಯೇ ನಾನು, ವರದಿ ಬರೆದ ದಿನ ಮೊದಲು ಮಾಡಬೇಕಿದ್ದ ಕೆಲಸ ಮಾಡಿದೆ. ಲೋಕಲ್ ಚಾನೆಲುಗಳ ಸಿಗ್ನಲ್ ಹಾದುಹೋಗುವ ಕಂಟ್ರೋಲ್ ರೂಮಿಗೆ ಹೋಗಿ ಆ ದಿನದ ರೆಕಾರ್ಡಿಂಗ್ ಕೇಳಿದೆ. ಬೆಳಿಗ್ಗೆ ಆರರಿಂದ ನಾವು ವೈರು ಕೀಳುವವರೆಗೆ ಕೂತು ನೋಡಿದೆ. ಹೊಡೆದಾಟದ ದೃಶ್ಯ ಎಲ್ಲೂ ಇರಲಿಲ್ಲ. ಗಾಳಿಸುದ್ದಿ ನಂಬಬೇಡಿ ಎಂಬ ಸಾಲು ಬೆಳಿಗ್ಗೆ ಏಳಕ್ಕೇ ಶುರುವಾಗಿತ್ತು. ಅಲ್ಲಿನ ತಂತ್ರಜ್ಞರು, ಸಾಹೇಬರಿಂದ ನಾನು ತರಿಸಿಕೊಂಡಿದ್ದ ಮೊಬೈಲ್ ವಿಡಿಯೊ ನೋಡಿ, ಇದು ಬೇರೆ ಭಾಷೆಯ ಯಾವುದೋ ಚಾನೆಲ್ ಮೇಡಂ, ಪಟ್ಟಿಯಲ್ಲಿರುವುದು ಕನ್ನಡ ಅಕ್ಷರವೇ ಅಲ್ಲ ಎಂದರು. ದೊಡ್ಡದು ಮಾಡಿ ತೋರಿಸಿದರು. ನಿಜ. ಕನ್ನಡ ಅಲ್ಲ. ಅಷ್ಟನ್ನು ನಾನೂ ಅವತ್ತೇ ನೋಡಬಹುದಿತ್ತು.

ಟಿಪ್ಪಣಿ ಬರೆದೆ. ‘ಸದರಿ ದಿನಾಂಕದಂದು ನಾನು ಪ್ರಸಾರವನ್ನು ನೋಡಿರಲಿಲ್ಲ. ನೋಡದೆ ವರದಿ ಸಲ್ಲಿಸಿರುತ್ತೇನೆ.’ ಸಾಹೇಬರು ಓದಿ ಕನ್ನಡಕ ತೆಗೆದರು.

“ಇದನ್ನ ಯಾಕೆ ಬರೀತೀರಾ? ‘ಹೆಚ್ಚಿನ ಪರಿಶೀಲನೆಯಿಂದ ಕಂಡುಬಂದಂತೆ’ ಅಂತ ಶುರು ಮಾಡಿ, ಮೆಷಿನ್ ವಾಪಸ್ ಕೊಡೋಣ. ಅವ್ರಿಗೆ ನ್ಯಾಯ ಸಿಕ್ತು, ನಿಮಗೂ ತೊಂದ್ರೆ ಇಲ್ಲ. ಇನ್ನು ಎಷ್ಟು ಸರ್ವೀಸ್ ಇದೆ ನಿಮಗೆ?”

“ಒಂದೂವರೆ ವರ್ಷ ಸಾರ್.”

“ಮತ್ತೆ?”

ನಾನು ಟಿಪ್ಪಣಿ ವಾಪಸ್ ತೆಗೆದುಕೊಂಡು ಬಂದೆ. ಅವರು ಹೇಳಿದ ಹಾಗೆ ಬರೆದೆ. ಇದನ್ನು ನಾನು ಮುಚ್ಚಿಡಬಹುದಿತ್ತು, ಓದುವವರಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ನಡೆದದ್ದು ಹೀಗೆ. ನನಗೆ ಸುಸ್ತಾಗಿತ್ತು. ಪಿಂಚಣಿಯ ಕಾಗದ ಸಿದ್ಧ ಮಾಡುವ ಹೊತ್ತಿನಲ್ಲಿ ಇಲಾಖಾ ವಿಚಾರಣೆ ಎಂದರೆ ಏನು ಎಂಬುದನ್ನು ನಮ್ಮ ಕಚೇರಿಯಲ್ಲೇ ಕಂಡಿದ್ದೆ.

ಆದೇಶವಾಗಲು ಮತ್ತೆರಡು ತಿಂಗಳು ಹಿಡಿಯಿತು. ಯಂತ್ರ ವಾಪಸ್ ಕೊಡಲು ನಾನೇ ಹೋದೆ. ರೆಕಾರ್ಡ್ ರೂಮಿನ ಮೂಲೆಯಲ್ಲಿ ಗೋಡೆ ಜಿನುಗುತ್ತದೆ. ಕಂಪ್ಯೂಟರಿನ ಒಂದು ಬದಿ ತುಕ್ಕು ಹಿಡಿದಿತ್ತು. ಸೆಲ್ವರಾಜ್ ವೈರು ಸಿಕ್ಕಿಸಿ ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಮತ್ತೊಮ್ಮೆ ಒತ್ತಿದರು. ಆಮೇಲೆ ನಾನು ತಂದ ಸ್ವೀಕೃತಿ ಪತ್ರ ಕೈಗೆ ತೆಗೆದುಕೊಂಡರು. ‘ಎಲ್ಲ ಉಪಕರಣಗಳನ್ನು ಸುಸ್ಥಿತಿಯಲ್ಲಿ ಸ್ವೀಕರಿಸಿರುತ್ತೇನೆ’ ಎಂದು ಅಚ್ಚಾಗಿತ್ತು. ಅವರು ಓದಿ, ನನ್ನ ಮುಖ ನೋಡಿ, ಜೇಬಿನಿಂದ ಪೆನ್ನು ತೆಗೆದರು. ಸಹಿ ಹಾಕಿಬಿಡುತ್ತಿದ್ದರು.

ನಾನು ಕಾಗದ ಕಿತ್ತುಕೊಂಡು ‘ಸುಸ್ಥಿತಿಯಲ್ಲಿ’ ಎಂಬುದನ್ನು ಹೊಡೆದು, ಮೇಲೆ ‘ಕೆಟ್ಟ ಸ್ಥಿತಿಯಲ್ಲಿ’ ಎಂದು ಬರೆದು, ಪಕ್ಕದಲ್ಲಿ ನನ್ನ ಸಹಿ ಹಾಕಿದೆ.

“ಸೆಲ್ವರಾಜ್, ಆವತ್ತು ಯಾರು ನೋಡಿದ್ದು ಅಂತ ಕೇಳಿದ್ರಲ್ಲ. ಯಾರೂ ನೋಡಿರ್ಲಿಲ್ಲ. ನಾನೇ ನೋಡ್ದೆ ಬರೆದೆ.”

ಅವರು ಸಿಕ್ಕಿಸಿದ್ದ ವೈರು ಬಿಚ್ಚಿ ಸುತ್ತತೊಡಗಿದರು. ಬೈದಿದ್ದರೆ ಆಗುತ್ತಿತ್ತು.

“ನನ್ ನಂಬರ್ ನಿಮ್ ಹತ್ರ ಇತ್ತಲ್ಲ ಮೇಡಂ” ಎಂದರು. “ಒಂದ್ ಫೋನ್ ಮಾಡಿದ್ರೆ ಸಾಕಿತ್ತು.”

ಇತ್ತು. ನನ್ನ ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ, ನನ್ನದೇ ಅಕ್ಷರದಲ್ಲಿ. ಆ ಇಪ್ಪತ್ತು ನಿಮಿಷದಲ್ಲಿ ನಾನು ಬೇರೆಯವರಿಗೆ ಎರಡು ಸಲ ಫೋನ್ ಮಾಡಿದ್ದೆ. ಯಾರ ಮೇಲೆ ವರದಿ ಬರೆಯುತ್ತಿದ್ದೇನೋ ಅವರನ್ನು ಒಂದು ಮಾತು ಕೇಳಬೇಕು ಎಂದು ಹೊಳೆಯಲೇ ಇಲ್ಲ. ಇಷ್ಟು ವರ್ಷದ ಸರ್ವೀಸಿನಲ್ಲಿ ಅದು ನನಗೆ ಯಾರೂ ಕಲಿಸದ, ನಾನೂ ಕಲಿಯದ ಕೆಲಸ.

ಸ್ವೀಕೃತಿ ಪತ್ರ ತಿದ್ದಿದ್ದಕ್ಕೆ ನನಗೆ ಕಾರಣ ಕೇಳಿ ನೋಟಿಸ್ ಬಂತು. ಈ ಸಲ ನಡೆದದ್ದನ್ನೆಲ್ಲ ನಡೆದ ಹಾಗೆ ಬರೆದು ಉತ್ತರ ಕೊಟ್ಟೆ. ಅದಕ್ಕೆ ಏನೂ ಆಗಲಿಲ್ಲ. ಉತ್ತರವನ್ನು ಯಾರಾದರೂ ಓದಿದರೋ ಇಲ್ಲವೋ ಅದೂ ತಿಳಿಯದು. ಸಾಹೇಬರಿಗೆ ವರ್ಗವಾಯಿತು, ನಾನು ನಿವೃತ್ತಳಾದೆ, ಕಡತ ಹಾಗೇ ಉಳಿಯಿತು.

ಸೆಲ್ವರಾಜ್ ಚಾನೆಲ್ ಮತ್ತೆ ಶುರು ಮಾಡಲಿಲ್ಲ. ಈಗ ಸೋಗಾನೆಯ ವಿಮಾನ ನಿಲ್ದಾಣದ ಕಡೆ ಒಬ್ಬ ಗುತ್ತಿಗೆದಾರರ ಹತ್ತಿರ ವೈರಿಂಗ್ ಕೆಲಸಕ್ಕೆ ಹೋಗುತ್ತಾರೆ. ನ್ಯೂ ಟೌನಿನ ಸಾವಿನ ಸುದ್ದಿ ಈಗ ಮೊಬೈಲಿನ ಗ್ರೂಪಿನಲ್ಲಿ ಬರುತ್ತದೆ. ಅಲ್ಲಿ ಸುಳ್ಳು ವಿಡಿಯೊಗಳೂ ಬರುತ್ತವೆ. ಅದರ ಮೇಲೆ ನಮ್ಮ ಕೇಬಲ್ ಕಾಯ್ದೆಗೆ ಹಿಡಿತವಿಲ್ಲ. ಕಾನೂನು ಪಾಲಿಸಿ, ಕಾಗದ ಜೋಡಿಸಿ ಇಟ್ಟುಕೊಂಡವರು ಮಾತ್ರ ನಮ್ಮ ಕೈಗೆ ಸಿಗುತ್ತಿದ್ದರು. ಸಿಕ್ಕಿದವರನ್ನು ಹಿಡಿದೆವು.

ನಿವೃತ್ತಿಯಾದ ಮೇಲೆ ಒಂದು ದಿನ ಬಸ್ಸು ಹತ್ತಿ ಅಲಮೇಲಮ್ಮನ ಮನೆ ಹುಡುಕಿಕೊಂಡು ಹೋದೆ. ಅರ್ಜಿಯಲ್ಲಿದ್ದ ವಿಳಾಸ ನನಗೆ ಬಾಯಿಪಾಠವಾಗಿತ್ತು. ಅವರು ನನ್ನ ಗುರುತು ಹಿಡಿಯಲಿಲ್ಲ. ಹೇಳಿದೆ. ಪೂರ್ತಿ ಹೇಳಿದೆ, ಹಸಿರು ಪಟ್ಟಿಯಿಂದ ಹಿಡಿದು. ಅವರು ಕಾಲು ನೀವಿಕೊಳ್ಳುತ್ತಾ ಕೇಳಿದರು. ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟರು.

“ನನಗೆ ಬಂದು ಹೇಳಿ ಏನಾಗ್ಬೇಕಮ್ಮಾ” ಎಂದರು. “ಪುಟ್ಟಮ್ಮ ಹೋದ್ಲು. ಈಗ ಆ ಕುರ್ಚಿಲಿ ಯಾರ್ ಕೂತಿದಾರೆ? ಅವ್ರಿಗೆ ಹೇಳಿ.”

ಮುಂದಿನ ವಾರ ನಾನು ನನ್ನ ಹಳೆಯ ಕಚೇರಿಗೆ ಹೋದೆ. ನನ್ನ ಜಾಗದಲ್ಲಿ ಸವಿತಾ ಎಂಬವಳಿದ್ದಳು. ಮೂವತ್ತರ ಆಸುಪಾಸು, ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿಲ್ಲ. ಕೂರಿಸಿ ಟೀ ತರಿಸಿದಳು. ನಾನು ಎಲ್ಲವನ್ನೂ ಹೇಳಿದೆ. ಅವಳು ಮರ್ಯಾದೆಗೆ ಕೇಳುತ್ತಿದ್ದಾಳೆ ಎಂದುಕೊಂಡಿದ್ದೆ. ಅಲಮೇಲಮ್ಮನ ವಿಷಯ ಬಂದಾಗ ಟೀ ಲೋಟ ಕೆಳಗಿಟ್ಟಳು. ಅಷ್ಟರಲ್ಲಿ ಅವಳ ಫೋನ್ ಬಡಿಯಿತು. “ಸಾರ್… ಆಯ್ತು ಸಾರ್… ಹನ್ನೆರಡಕ್ಕೇನಾ ಸಾರ್” ಎಂದು ಇಟ್ಟಳು.

“ಒಂದು ದೂರು ಬಂದಿದೆ ಮೇಡಂ, ಲೋಕಲ್ ಚಾನೆಲ್ ಮೇಲೆ. ಹನ್ನೆರಡಕ್ಕೆ ರಿಪೋರ್ಟ್ ಕೇಳ್ತಿದಾರೆ. ಈಗ್ಲೇ ಹನ್ನೊಂದೂ ಮುಕ್ಕಾಲು.” ನನ್ನ ಕಡೆ ತಿರುಗಿ ಕೇಳಿದಳು. “ನಾನಿನ್ನೂ ಏನೂ ನೋಡಿಲ್ಲ. ಏನ್ ಬರೀಲಿ?”

“ನೋಡಿಲ್ಲ ಅಂತ ಬರಿ ಮಾರಾಯ್ತಿ.”

“ಹಂಗೆ ಬರೆದ್ರೆ ಸಾಹೇಬ್ರು ಬೈತಾರೆ.”

“ಬೈತಾರೆ” ಎಂದೆ.

ಅವಳು ಕಂಪ್ಯೂಟರಿನ ಕಡೆ ತಿರುಗಿ ಎರಡೂ ಕೈಗಳನ್ನು ಕೀಲಿಗಳ ಮೇಲೆ ಇಟ್ಟುಕೊಂಡು ಕೂತಳು. ನಾನು ಅಲ್ಲಿ ಇದ್ದರೆ ಅವಳು ನನ್ನ ದಾಕ್ಷಿಣ್ಯಕ್ಕೆ ‘ನೋಡಿಲ್ಲ’ ಎಂದು ಬರೆಯುತ್ತಾಳೆ ಅನ್ನಿಸಿತು. ಚೀಲ ತೆಗೆದುಕೊಂಡು ಎದ್ದೆ. ಬಾಗಿಲು ದಾಟುವಾಗ ಟೈಪ್ ಮಾಡುವ ಸದ್ದು ಶುರುವಾಯಿತು. ತಿರುಗಿ ನೋಡದೆ ಮೆಟ್ಟಿಲು ಇಳಿದೆ.